ಮೆಜೆಸ್ಟಿಕ್‌ನ ಕತ್ತಲಲ್ಲಿ: ನಿಜ ಯಾವುದು, ನಟನೆ ಯಾವುದು?



ಬೆಂಗಳೂರಿನ ಯಾವ ಮೂಲೆಯಲ್ಲಾದರೂ ಸಿಟಿ ಬಸ್ಸು ಹತ್ತಿ "ಒಂದು ಮೆಜೆಸ್ಟಿಕ್ ಕೊಡಿ" ಎಂದರೆ ಸಾಕು, ಕಂಡಕ್ಟರು ಮರುಮಾತಿಲ್ಲದೆ ಟಿಕೆಟ್ ಕೊಡುತ್ತಾರೆ. ಬಸ್ ನಿಲ್ದಾಣದ ಅಧಿಕೃತ ಹೆಸರು ಕೆಂಪೇಗೌಡ ನಿಲ್ದಾಣ. ಅದು ನಿಂತಿರುವ ನೆಲ ಹಿಂದೆ ಪೇಟೆಗೆ ನೀರುಣಿಸುತ್ತಿದ್ದ ಧರ್ಮಾಂಬುಧಿ ಕೆರೆಯ ಅಂಗಳ. ಹಾಗಾದರೆ ಮೆಜೆಸ್ಟಿಕ್ ಎಂಬ ಹೆಸರು ಎಲ್ಲಿಂದ ಬಂತು? ಅದು ಅಲ್ಲಿದ್ದ ಒಂದು ಸಿನಿಮಾ ಮಂದಿರದ ಹೆಸರು. ಆ ಮಂದಿರ ಇಂದು ಇಲ್ಲ, ಹೆಸರು ಮಾತ್ರ ಉಳಿದಿದೆ. 2002ರಲ್ಲಿ ಇದೇ ಹೆಸರಿನಲ್ಲಿ ಒಂದು ಕನ್ನಡ ಚಿತ್ರವೂ ತೆರೆಕಂಡಿತು. ಚಿತ್ರಮಂದಿರದಿಂದ ಬಡಾವಣೆಗೆ, ಬಡಾವಣೆಯಿಂದ ಮತ್ತೆ ಚಿತ್ರಕ್ಕೆ ಹೆಸರು ಹೀಗೆ ಒಂದು ಸುತ್ತು ಬಂದಿತು.

ಪರದೆಯ ಒಳಗಿನದು ಹೊರಗೆ ಬರುವುದು, ಹೊರಗಿನದು ಪರದೆಯೊಳಗೆ ಸೇರುವುದು ಹೊಸ ಸಂಗತಿಯಲ್ಲ. ಸಿನಿಮಾ ಹುಟ್ಟಿದ ದಿನದಿಂದಲೂ ಇದು ನಡೆದೇ ಇದೆ. ಸಿನಿಮಾ ತಯಾರಿಕೆಯನ್ನೇ ಕಥೆಯಾಗಿಸಿಕೊಂಡು, ನಿಜ ಮತ್ತು ನಟನೆಯ ನಡುವಿನ ಗೆರೆಯನ್ನು ಬೇಕೆಂದೇ ಅಳಿಸಿದ ಚಿತ್ರಗಳ ಒಂದು ಪರಂಪರೆ ಕನ್ನಡದಲ್ಲೂ ಇದೆ. ಆ ಗೆರೆ ಅಳಿಸಿದಾಗ ಜೀವ ಹೋದ ಘಟನೆಗಳೂ ನಮ್ಮ ರಾಜ್ಯದಲ್ಲೇ ನಡೆದಿವೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ವಿಜ್ಞಾನ

ವಿಜ್ಞಾನದ ಪದವಿ ಪಡೆದು ದೂರದರ್ಶನದ ಕೆಲಸಕ್ಕೆ ಬಂದ ನನಗೆ ಸಿನಿಮಾ ಎಂದರೆ ಮೊದಲು ನೆನಪಾಗುವುದು ಅಂಕಿಗಳೇ. ಫಿಲ್ಮಿನ ಕಾಲದಲ್ಲಿ ಸೆಕೆಂಡಿಗೆ 24 ಸ್ಥಿರಚಿತ್ರಗಳು ಪರದೆಯ ಮೇಲೆ ಬೀಳುತ್ತಿದ್ದವು. ಎರಡೂವರೆ ಗಂಟೆಯ ಚಿತ್ರ ಎಂದರೆ 2,16,000 ಸ್ಥಿರಚಿತ್ರಗಳು. 35 ಮಿಲಿಮೀಟರ್ ಫಿಲ್ಮಿನಲ್ಲಿ ಸುಮಾರು 13,500 ಅಡಿ ಉದ್ದ. ಒಂದು ಚಿತ್ರ ಸರಿದು ಇನ್ನೊಂದು ಬರುವಾಗ ಪ್ರೊಜೆಕ್ಟರಿನ ಶಟರ್ ಬೆಳಕನ್ನು ತಡೆಯುತ್ತಿತ್ತು. ಅಂದರೆ ನೀವು ದುಡ್ಡು ಕೊಟ್ಟು ಕೂತ ಹೊತ್ತಿನಲ್ಲಿ ಗಣನೀಯ ಭಾಗ ಪರದೆಯ ಮೇಲೆ ಏನೂ ಇರುತ್ತಿರಲಿಲ್ಲ, ಬರೀ ಕತ್ತಲೆ!

ಆದರೂ ನಮಗೆ ಚಲನೆ ಕಾಣುತ್ತದೆ, ಏಕೆ? ಕಣ್ಣಿನ ಅಕ್ಷಿಪಟಲದ ಮೇಲೆ ಬಿಂಬ ಒಂದು ಕ್ಷಣ ಉಳಿಯುತ್ತದೆ, ಅದಕ್ಕಾಗಿ ಎಂದು ಹಳೆಯ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅಷ್ಟು ವಿವರಣೆ ಸಾಲದು ಎಂಬುದು ಇಂದಿನ ತಿಳಿವಳಿಕೆ. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ದೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೊಂದು ದಾರಿ ತೋರಿಸಿದವು. ಎರಡು ಸ್ಥಿರ ಗುರುತುಗಳನ್ನು ತಕ್ಕ ಅಂತರದಲ್ಲಿ ಒಂದರ ಹಿಂದೊಂದು ತೋರಿಸಿದರೆ, ಇಲ್ಲದ ಚಲನೆಯನ್ನು ನಾವೇ ಕಾಣುತ್ತೇವೆ. ಪರದೆ ಕೊಡುವುದು ತುಣುಕುಗಳನ್ನು ಮಾತ್ರ, ಅವುಗಳನ್ನು ಜೋಡಿಸಿ ಓಡಿಸುವುದು ನಮ್ಮ ಮಿದುಳು.

ಭಾವನೆಯ ಮಾತೂ ಹೀಗೆಯೇ. ರಷ್ಯದ ಲೆವ್ ಕುಲೆಶೋವ್ ಒಬ್ಬ ನಟನ ನಿರ್ಭಾವ ಮುಖದ ಒಂದೇ ದೃಶ್ಯವನ್ನು ಮೂರು ಬೇರೆ ಬೇರೆ ದೃಶ್ಯಗಳಿಗೆ ಅಂಟಿಸಿ ತೋರಿಸಿದನೆಂಬುದು ಚಲನಚಿತ್ರ ಶಾಲೆಗಳಲ್ಲಿ ಇಂದಿಗೂ ಮೊದಲ ಪಾಠ. ಸೂಪಿನ ಬಟ್ಟಲಿನ ಪಕ್ಕದಲ್ಲಿ ಆ ಮುಖ ಹಸಿದಂತೆ ಕಂಡಿತು, ಶವಪೆಟ್ಟಿಗೆಯ ಪಕ್ಕದಲ್ಲಿ ದುಃಖಿಸಿದಂತೆ ಕಂಡಿತು. ಮುಖ ಮಾತ್ರ ಒಂದೇ. ಇದನ್ನು ಮನಸ್ಸಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕ್ಯಾಮೆರಾಕ್ಕೆ ನಿಜವೂ ಗೊತ್ತಿಲ್ಲ, ನಟನೆಯೂ ಗೊತ್ತಿಲ್ಲ. ಎದುರಿಗೆ ಇದ್ದ ಬೆಳಕನ್ನು ಅದು ದಾಖಲಿಸುತ್ತದೆ, ಅಷ್ಟೆ.

ಪರದೆಯೊಳಗೆ ನಡೆದುಹೋದವನು

1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲ್ಯೂಮಿಯರ್ ಸೋದರರು ಹಣ ಪಡೆದು ಸಾರ್ವಜನಿಕರಿಗೆ ಚಲನಚಿತ್ರ ತೋರಿಸಿದರು. ಮರುವರ್ಷ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಅವರ ಚಿತ್ರಗಳು ಪ್ರದರ್ಶನಗೊಂಡವು. ಪರದೆಯ ಮೇಲೆ ರೈಲು ಬರುವುದನ್ನು ಕಂಡು ಪ್ಯಾರಿಸ್ಸಿನ ಪ್ರೇಕ್ಷಕರು ಎದ್ದು ಓಡಿದರೆಂಬ ಕಥೆಯನ್ನು ನೀವು ಕೇಳಿರಬಹುದು. ಅದಕ್ಕೆ ಗಟ್ಟಿಯಾದ ಆಧಾರ ಇಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಸಿನಿಮಾ ಕುರಿತ ಮೊದಲ ಪ್ರಸಿದ್ಧ ಕಥೆಯೇ ನಿಜವೋ ಕಲ್ಪನೆಯೋ ತಿಳಿಯದಂತಿರುವುದು ವಿಚಿತ್ರವಲ್ಲವೇ?

ಸಿನಿಮಾ ತನ್ನನ್ನು ತಾನೇ ನೋಡಿಕೊಳ್ಳಲು ಹೆಚ್ಚು ಕಾಲ ಬೇಕಾಗಲಿಲ್ಲ. 1924ರಲ್ಲಿ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್ 'ಶೆರ್ಲಾಕ್ ಜೂನಿಯರ್' ತಯಾರಿಸಿದ. ಅದರ ನಾಯಕ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುವ ಬಡ ಹುಡುಗ. ಕೆಲಸದ ನಡುವೆ ನಿದ್ದೆಹೋದ ಅವನು ಕನಸಿನಲ್ಲಿ ನೇರವಾಗಿ ಪರದೆಯೊಳಕ್ಕೆ ನಡೆದುಹೋಗುತ್ತಾನೆ. ಪ್ರೇಕ್ಷಕರು ನಕ್ಕು ನಕ್ಕು ಸುಸ್ತಾದರು. ಅದೇ ಚಿತ್ರದಲ್ಲಿ ರೈಲ್ವೆ ನೀರಿನ ತೊಟ್ಟಿಯ ಕೊಳವೆಯಿಂದ ರಭಸವಾಗಿ ನೀರು ಸುರಿದು ಕೀಟನ್ ಹಳಿಯ ಮೇಲೆ ಬೀಳುವ ದೃಶ್ಯವಿದೆ. ಆ ಬೀಳುವಿಕೆಯಲ್ಲಿ ಅವನ ಕುತ್ತಿಗೆಯ ಮೂಳೆ ಮುರಿದಿತ್ತು! ವರ್ಷಗಳ ನಂತರ ವೈದ್ಯರು ಹೇಳಿದಾಗಲೇ ಅವನಿಗದು ತಿಳಿದದ್ದು. ಆ ದೃಶ್ಯ ಇಂದಿಗೂ ಚಿತ್ರದಲ್ಲಿದೆ. ನೋಡಿದವರಿಗೆ ಅದು ನಗೆ, ಬಿದ್ದವನಿಗೆ ಮೂಳೆಮುರಿತ. ಫಿಲ್ಮಿನ ಮೇಲೆ ಎರಡೂ ಒಂದೇ.

ಮುಂದೆ ಫೆಲಿನಿಯ 'ಎಂಟೂವರೆ' (1963), ತ್ರೂಫೋನ 'ಡೇ ಫಾರ್ ನೈಟ್' (1973) ಚಿತ್ರ ತಯಾರಿಸುವವರನ್ನೇ ಪಾತ್ರಗಳನ್ನಾಗಿಸಿದವು. ಆಂಟೋನಿಯೋನಿಯ 'ಬ್ಲೋ ಅಪ್' (1966) ಚಿತ್ರದಲ್ಲಿ ಒಬ್ಬ ಛಾಯಾಗ್ರಾಹಕ ತಾನು ತೆಗೆದ ಫೋಟೋ ದೊಡ್ಡದು ಮಾಡುತ್ತ ಹೋದಂತೆ ಅದರಲ್ಲೊಂದು ಕೊಲೆ ಕಾಣುತ್ತದೆ; ಅಥವಾ ಕಂಡಂತಾಗುತ್ತದೆ. ನಮ್ಮ ದೇಶದಲ್ಲಿ ಗುರುದತ್ ಅವರ 'ಕಾಗಜ್ ಕೆ ಫೂಲ್' (1959), ಸತ್ಯಜಿತ್ ರಾಯ್ ಅವರ 'ನಾಯಕ್' (1966), ಮೃಣಾಲ್ ಸೇನ್ ಅವರ 'ಅಕಾಲೇರ್ ಸಂಧಾನೆ' (1980) ಇದೇ ಸಾಲಿಗೆ ಸೇರುತ್ತವೆ. ಕೊನೆಯದರಲ್ಲಿ 1943ರ ಬಂಗಾಳದ ಬರಗಾಲದ ಬಗ್ಗೆ ಚಿತ್ರ ತೆಗೆಯಲು ಹಳ್ಳಿಗೆ ಹೋದ ತಂಡಕ್ಕೆ, ಹಳ್ಳಿಯಲ್ಲಿ ಬರ ಇನ್ನೂ ಮುಗಿದಿಲ್ಲವೆಂಬುದು ಅರಿವಾಗುತ್ತದೆ.

1999ರ ಹೊತ್ತಿಗೆ ಈ ಆಟ ಇನ್ನೊಂದು ಹಂತ ಮುಟ್ಟಿತು. ಅಮೆರಿಕದ 'ಬ್ಲೇರ್ ವಿಚ್ ಪ್ರಾಜೆಕ್ಟ್' ಚಿತ್ರವನ್ನು, ಕಾಡಿನಲ್ಲಿ ಕಾಣೆಯಾದ ವಿದ್ಯಾರ್ಥಿಗಳು ಬಿಟ್ಟುಹೋದ ಚಿತ್ರಸುರುಳಿ ಎಂಬಂತೆ ಪ್ರಚಾರ ಮಾಡಿದರು. ನಟರು ಕಾಣೆಯಾಗಿದ್ದಾರೆಂಬ ಕರಪತ್ರಗಳನ್ನೂ ಹಂಚಿದರು. ನಂಬಿದವರು ಕಡಿಮೆಯಿರಲಿಲ್ಲ. ನಾರ್ವೆಯ 'ಟ್ರೋಲ್‌ಯೇಗರೆನ್' (2010) ಕೂಡ ಕ್ಯಾಮೆರಾ ಹಿಡಿದ ಕಾಲೇಜು ವಿದ್ಯಾರ್ಥಿಗಳು ಚಿತ್ರಿಸಿದ ದಾಖಲೆ ಎಂಬ ವೇಷ ತೊಟ್ಟ ಚಿತ್ರ. ಅದು ಜಾನಪದ ಕಥೆಗಳ ದೈತ್ಯರನ್ನು ತಂದು ಇಂದಿನ ನಾರ್ವೆಯ ಕಾಡುಗಳಲ್ಲಿ ನಿಲ್ಲಿಸಿತು.

ಗಾಂಧಿನಗರದ ಕನ್ನಡಿ

ಇನ್ನು ನಮ್ಮ ಊರಿಗೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಅದನ್ನು ಚಿತ್ರಿಸಿದ್ದು ಕೊಲ್ಹಾಪುರದಲ್ಲಿ. ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಮುಂತಾದವರು ರಂಗಭೂಮಿಯಿಂದ ಬಂದವರು. ಹೀಗಾಗಿ ನಮ್ಮ ಪ್ರೇಕ್ಷಕರಿಗೆ ನಾಟಕದ ವೇಷ ಮತ್ತು ವೇಷದ ಒಳಗಿನ ಮನುಷ್ಯ ಎರಡೂ ಪರಿಚಿತವೇ. ಕ್ರಮೇಣ ಚಿತ್ರಮಂದಿರಗಳ ನಡುನಾಡು ಕೆಂಪೇಗೌಡ ರಸ್ತೆಯ ಆಸುಪಾಸಿಗೆ ಸರಿಯಿತು. ವಿತರಕರ ಕಚೇರಿಗಳು ಪಕ್ಕದ ಗಾಂಧಿನಗರದಲ್ಲಿ ನೆಲೆಯೂರಿದವು. 'ಗಾಂಧಿನಗರ' ಎಂದರೆ ಕನ್ನಡ ಚಿತ್ರರಂಗ ಎಂದೇ ಅರ್ಥವಾಯಿತು.

1981ರಲ್ಲಿ ಪುಟ್ಟಣ್ಣ ಕಣಗಾಲರು 'ರಂಗನಾಯಕಿ' ನಿರ್ದೇಶಿಸಿದರು. ಅಶ್ವತ್ಥ ಅವರ ಕಾದಂಬರಿ ಆಧರಿಸಿದ ಈ ಚಿತ್ರದಲ್ಲಿ ಆರತಿ ಮೊದಲು ನಾಟಕ ಕಂಪೆನಿಯ ನಟಿ, ಆಮೇಲೆ ಸಿನಿಮಾ ತಾರೆ. ತಾಯಿಯಿಂದ ದೂರವಾಗಿ ಬೆಳೆದ ಮಗ, ಆಕೆ ಯಾರೆಂದು ತಿಳಿಯದೆ, ಆ ತಾರೆಗೆ ಮನಸೋಲುತ್ತಾನೆ. ಪರದೆಯ ಮುಖವನ್ನು ಮಾತ್ರ ಬಲ್ಲವನಿಗೆ ಆ ಮುಖದ ಹಿಂದಿನ ಮನುಷ್ಯಳು ಗೊತ್ತಿಲ್ಲ. ಇದು ಅತಿರೇಕದ ಕಥೆ ಎನ್ನಿಸಬಹುದು. ಆದರೆ ತಾರೆಯನ್ನು ಬಲ್ಲೆವೆಂದು ನಂಬುವ ಪ್ರತಿಯೊಬ್ಬ ಅಭಿಮಾನಿಯ ಕಥೆಯೂ ಇದರಲ್ಲಿ ಸ್ವಲ್ಪ ಇದೆ.

ಸಿನಿಮಾ ತಯಾರಿಕೆಯನ್ನೇ ರೋಮಾಂಚಕ ಕಥೆಯಾಗಿಸಿದ ಶ್ರೇಯಸ್ಸು ಉಪೇಂದ್ರ ಅವರ ಮೂರು ಚಿತ್ರಗಳಿಗೆ ಸಲ್ಲಬೇಕು. ಇವನ್ನು ಒಂದರ ಪಕ್ಕದಲ್ಲಿ ಇನ್ನೊಂದಿಟ್ಟು ನೋಡಿ. 1993ರಲ್ಲಿ 'ಶ್!' ಬಂತು. ಕುಮಾರ್ ಗೋವಿಂದ್ ಮತ್ತು ಕಾಶಿನಾಥ್ ನಟಿಸಿದ, ಸಾಧು ಕೋಕಿಲ ಮೊದಲ ಬಾರಿಗೆ ಸಂಗೀತ ನೀಡಿದ ಈ ಚಿತ್ರದಲ್ಲಿ ದೆವ್ವದ ಭಯ ಮತ್ತು ಕೊಲೆ ನುಗ್ಗುವುದು ಒಂದು ಚಿತ್ರತಂಡದ ನಡುವೆಯೇ. ಇಂಥ ಕಥೆಯ ಜಾಣತನ ಎಲ್ಲಿದೆ ಗೊತ್ತೇ? ಸೆಟ್ಟಿನಲ್ಲಿ ಯಾರಾದರೂ ಕಿರುಚಿದರೆ ಅದು ಸಂಭಾಷಣೆಯೋ, ಸಂಕಟವೋ ಹೇಳುವುದು ಹೇಗೆ? ರಕ್ತ ಕಂಡರೆ ಅದು ಮೇಕಪ್ ಪೆಟ್ಟಿಗೆಯದೋ, ಮೈಯದೋ? ಪ್ರೇಕ್ಷಕ ಪ್ರತಿ ಕ್ಷಣ ಅನುಮಾನಿಸಬೇಕಾಗುತ್ತದೆ.

ಎರಡು ವರ್ಷಗಳ ನಂತರ, 1995ರಲ್ಲಿ, ಶಿವರಾಜ್‌ಕುಮಾರ್ ನಾಯಕರಾದ 'ಓಂ' ತೆರೆಗೆ ಬಂತು. ಅಲ್ಲಿ ಹೊರಗಿನ ಲೋಕವೇ ಕಥೆಯೊಳಕ್ಕೆ ಬಂತು. ಬೆಂಗಳೂರಿನ ಭೂಗತ ಜಗತ್ತಿನಲ್ಲಿ ಹೆಸರಾಗಿದ್ದ ಕೆಲವರು ಆ ಚಿತ್ರದಲ್ಲಿ ಕ್ಯಾಮೆರಾದ ಮುಂದೆ ಕಾಣಿಸಿಕೊಂಡರು. ರೌಡಿಯ ಪಾತ್ರದಲ್ಲಿ ರೌಡಿ! ಚಿತ್ರ ಮತ್ತೆ ಮತ್ತೆ ಮರುಬಿಡುಗಡೆ ಕಂಡಿತು. ಅದರ ಬಿಸಿ ನಿಜದ ಬಿಸಿ ಎಂದು ಮೆಚ್ಚಿದವರಿದ್ದರು. ನಿಜ ಜೀವನದ ಹಿಂಸೆಗೆ ತಾರಾಮೌಲ್ಯ ಕೊಟ್ಟಂತಾಯಿತು ಎಂಬ ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕು.

1998ರಲ್ಲಿ 'ಎ' ಬಂತು. ನಾಯಕ ಒಬ್ಬ ಚಿತ್ರನಿರ್ದೇಶಕ. ಆ ಪಾತ್ರ ಮಾಡಿದವರೂ ಚಿತ್ರ ನಿರ್ದೇಶಿಸಿದವರೂ ಉಪೇಂದ್ರ ಅವರೇ. ಕಥೆಯನ್ನು ಕಾಲಕ್ರಮದಲ್ಲಿ ಹೇಳದೆ ಹಿಂದುಮುಂದು ಮಾಡಿ ಜೋಡಿಸಿದ್ದರು. ಬುದ್ಧಿವಂತರಿಗಷ್ಟೇ ಅರ್ಥವಾಗುತ್ತದೆ ಎಂಬ ಧಾಟಿಯ ಪ್ರಚಾರ ಬೇರೆ. ಅರ್ಥವಾಗಲಿಲ್ಲವೆಂದು ಎರಡನೆಯ ಸಲ ಹೋದವರು, ಅರ್ಥವಾಯಿತೆಂದು ಗೆಳೆಯರಿಗೆ ವಿವರಿಸಲು ಮೂರನೆಯ ಸಲ ಹೋದವರು ಎಷ್ಟೋ ಮಂದಿ. ಚಿತ್ರರಂಗದ ಕತ್ತಲ ಮಗ್ಗುಲನ್ನು ಚಿತ್ರರಂಗದವರೇ ಕನ್ನಡಿ ಹಿಡಿದು ತೋರಿಸಿದ ಕಾರಣಕ್ಕೂ ಅದು ಚರ್ಚೆಗೆ ಒಳಗಾಯಿತು. ಕಲಾಚಿತ್ರಗಳಿಗೆ ಮಾತ್ರ ಸಾಧ್ಯವೆಂದುಕೊಂಡಿದ್ದ ಸಂಕೀರ್ಣ ನಿರೂಪಣೆಯನ್ನು ಸಾಮಾನ್ಯ ಟಿಕೆಟ್ ಕೊಳ್ಳುವ ಪ್ರೇಕ್ಷಕ ಸ್ವೀಕರಿಸಿದ ಎಂಬುದು ಇತಿಹಾಸದ ದೃಷ್ಟಿಯಿಂದ ಮುಖ್ಯ ಸಂಗತಿ.

ಟಾರ್ಚ್ ಹಿಡಿದ ಹುಡುಗನ ಕನಸು

ಹದಿನೈದು ವರ್ಷಗಳ ನಂತರ, 2013ರಲ್ಲಿ, ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' ಬಂತು. ಚಿತ್ರಕ್ಕೆ ಹಣ ಹಾಕುವ ನಿರ್ಮಾಪಕರು ಸಿಗದಿದ್ದಾಗ ನಿರ್ದೇಶಕರು ಅಂತರ್ಜಾಲದ ಮೂಲಕ ಪ್ರೇಕ್ಷಕರನ್ನೇ ಕೇಳಿದರು. 27 ದಿನಗಳಲ್ಲಿ 110 ಮಂದಿ ಸೇರಿ ಸುಮಾರು 51 ಲಕ್ಷ ರೂಪಾಯಿ ಒದಗಿಸಿದರು. ಫಿಲ್ಮಿನ ದೊಡ್ಡ ಕ್ಯಾಮೆರಾದ ಬದಲು, ಛಾಯಾಗ್ರಾಹಕರು ಕೊರಳಿಗೆ ನೇತುಹಾಕಿಕೊಳ್ಳುವ ಬಗೆಯ ಕ್ಯಾನನ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಪಡೆದು, ಸೆಪ್ಟೆಂಬರ್ 6ರಂದು ಅದು ಇಲ್ಲಿ ಬಿಡುಗಡೆಯಾಯಿತು. 2015ರಲ್ಲಿ ತಮಿಳಿಗೂ ಹೋಯಿತು.

ಕಥೆಯ ನಾಯಕ ನಿಕ್ಕಿ. ಅವನದು ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಕೆಲಸ. ನಿದ್ದೆ ಬಾರದ ಅವನಿಗೆ ಒಂದು ಮಾತ್ರೆ ಸಿಗುತ್ತದೆ. ಅದನ್ನು ನುಂಗಿದರೆ ನಿದ್ದೆಯ ಜೊತೆಗೆ ಬೇಕಾದ ಕನಸೂ ಬರುತ್ತದೆ. ಕನಸಿನಲ್ಲಿ ಅವನು ಪ್ರಸಿದ್ಧ ಚಿತ್ರನಟ ನಿಖಿಲ್. ಒಂದು ಲೋಕ ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಯಾವುದು ಕನಸು, ಯಾವುದು ನಿಜ ಎಂಬ ಲೆಕ್ಕಾಚಾರವನ್ನು ಚಿತ್ರ ಕೊನೆಯಲ್ಲಿ ತಲೆಕೆಳಗು ಮಾಡುತ್ತದೆ. ನೋಡದವರಿದ್ದರೆ ಅದನ್ನು ನೀವೇ ನೋಡಿ ತಿಳಿಯಿರಿ.

ಬಸ್ಟರ್ ಕೀಟನ್‌ನ ಪ್ರೊಜೆಕ್ಟರ್ ಹುಡುಗನನ್ನು ಇಲ್ಲಿ ನೆನಪಿಸಿಕೊಳ್ಳಿ. ಅವನಿಗೂ ನಿಕ್ಕಿಗೂ 89 ವರ್ಷಗಳ ಅಂತರ. ಇಬ್ಬರೂ ಬೇರೆಯವರಿಗೆ ಕನಸು ಕಾಣಲು ಬೆಳಕು ಹಿಡಿಯುವವರು, ಇಬ್ಬರಿಗೂ ಸ್ವಂತ ಕನಸು ಪರದೆಯ ಮೇಲೆಯೇ. ಆದರೆ ನಿಕ್ಕಿಯ ಕಥೆಗೆ ಬೆಂಗಳೂರಿನದೇ ಒಂದು ನೋವು ಸೇರಿದೆ. ಅವನು ಟಾರ್ಚ್ ಹಿಡಿದ ಮಂದಿರ ಅಳಿವಿನ ಅಂಚಿನಲ್ಲಿದೆ. ಹೊರಗೆ ನಿಜವಾಗಿಯೂ ಅದೇ ನಡೆದಿತ್ತು. ಮೆಜೆಸ್ಟಿಕ್ ಚಿತ್ರಮಂದಿರ ಹೋಯಿತು, ಅಲಂಕಾರ್ ಹೋಯಿತು, ಸಾಗರ್ ಹೋಯಿತು. 1968ರಲ್ಲಿ ಆರಂಭವಾದ, ಬೃಹತ್ ಪರದೆಗೆ ಹೆಸರಾಗಿದ್ದ ಕಪಾಲಿಯೂ 2017ರಲ್ಲಿ ಬಾಗಿಲು ಹಾಕಿತು.

ಗೆರೆ ಅಳಿಸಿದಾಗ

ಇಲ್ಲಿಯವರೆಗೆ ಹೇಳಿದ್ದು ಕಥೆಯ ಆಟ. ಈಗ ಆಟವಲ್ಲದ ಎರಡು ಘಟನೆಗಳು.

1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೊದಲ್ಲಿ, ದೂರದರ್ಶನದ 'ಟಿಪ್ಪು ಸುಲ್ತಾನನ ಖಡ್ಗ' ಎಂಬ ಹಿಂದಿ ಧಾರಾವಾಹಿಯ ಚಿತ್ರೀಕರಣ ನಡೆದಿತ್ತು. ಸೆಟ್ಟಿಗೆ ಬೆಂಕಿ ಹತ್ತಿ 62 ಮಂದಿ ಮಡಿದರು. ನಾಯಕನಟ ಹಾಗೂ ನಿರ್ದೇಶಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ಬಹುಕಾಲ ಆಸ್ಪತ್ರೆಯಲ್ಲಿದ್ದರು. ಅರಮನೆ ಎಂದು ಪರದೆಯಲ್ಲಿ ಕಾಣುವುದು ಸೆಟ್ಟಿನಲ್ಲಿ ಮರದ ಹಲಗೆ, ಬಟ್ಟೆ, ಬಣ್ಣ. ಅದರ ಸುತ್ತ ಬಿಸಿಯೇರುವ ದೊಡ್ಡ ದೀಪಗಳು, ನೆಲದ ತುಂಬ ತಂತಿ. ಅರಮನೆಯ ಕಲ್ಲು ಸುಡುವುದಿಲ್ಲ, ಸೆಟ್ಟಿನ ಅರಮನೆ ಕ್ಷಣದಲ್ಲಿ ಸುಡುತ್ತದೆ. ಪರದೆಯ ಮೇಲಿನ ವೈಭವ ನೋಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಕೆಲಸ ಮಾಡುವವರು ಮಾತ್ರ ಅದನ್ನು ಒಂದು ಗಳಿಗೆಯೂ ಮರೆಯುವಂತಿಲ್ಲ.

2016ರ ನವೆಂಬರ್ 7. ಬೆಂಗಳೂರಿನ ಪಶ್ಚಿಮಕ್ಕಿರುವ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರದ ಅಂತಿಮ ಸಾಹಸದೃಶ್ಯದ ಚಿತ್ರೀಕರಣ. ಹೆಲಿಕಾಪ್ಟರಿನಿಂದ ನಾಯಕನಟ ಮತ್ತು ಖಳನ ಪಾತ್ರದ ಇಬ್ಬರು ಯುವನಟರು, ಅನಿಲ್ ಮತ್ತು ಉದಯ್, ನೀರಿಗೆ ಹಾರಿದರು. ನಾಯಕನಟ ಬದುಕಿ ಬಂದರು. ಅನಿಲ್ ಮತ್ತು ಉದಯ್ ಮುಳುಗಿದರು. ತಮಗೆ ಈಜು ಅಷ್ಟಾಗಿ ಬಾರದೆಂದು ಆ ಇಬ್ಬರೂ ಹಾರುವ ಮೊದಲೇ ಟಿವಿ ಕ್ಯಾಮೆರಾದ ಮುಂದೆ ಹೇಳಿದ್ದರು. ಘಟನೆಯ ಬಗ್ಗೆ ಪೊಲೀಸ್ ಮೊಕದ್ದಮೆ ದಾಖಲಾಯಿತು. ಚಿತ್ರ 2017ರಲ್ಲಿ ತೆರೆಕಂಡಿತು.

ಆ ದಿನದ ಚಿತ್ರಗಳನ್ನು ಸುದ್ದಿವಾಹಿನಿಗಳಲ್ಲಿ ನಾಡೇ ನೋಡಿತು. ಧ್ವನಿ ತೆಗೆದು, ಸುದ್ದಿಯ ಅಕ್ಷರಗಳನ್ನು ಅಳಿಸಿ ನೋಡಿದರೆ ಅದೊಂದು ಸಾಹಸದೃಶ್ಯ. ಹಿನ್ನೆಲೆ ಸಂಗೀತ ಸೇರಿಸಿದರೆ ಚಪ್ಪಾಳೆ ಬರುವಂಥ ದೃಶ್ಯ. ನೀರಿನಲ್ಲಿ ಕೈ ಬಡಿಯುತ್ತಿರುವವನು ನಟಿಸುತ್ತಿದ್ದಾನೋ, ಮುಳುಗುತ್ತಿದ್ದಾನೋ ಎಂಬುದು ಲೆನ್ಸಿನ ಮೂಲಕ ತಿಳಿಯುವ ಸಂಗತಿಯಲ್ಲ. ಕುಲೆಶೋವ್‌ನ ಮುಖದ ಪಾಠವೂ ಕೀಟನ್‌ನ ಮುರಿದ ಮೂಳೆಯ ಪಾಠವೂ ಇದೇ. ಕಥೆಯಲ್ಲಿ ಈ ಅನುಮಾನ ರೋಮಾಂಚನ ಕೊಡುತ್ತದೆ. ದಡದ ಮೇಲೆ ನಿಂತವರಿಗೆ ಅದೇ ಅನುಮಾನ ಬಂದರೆ, ಕಳೆದುಹೋಗುವ ಒಂದೊಂದು ಕ್ಷಣವೂ ಉಸಿರಿನ ಲೆಕ್ಕ.

ನೀವು ಏನು ಮಾಡಬಹುದು?

ಇಂದು ನಿಮ್ಮಲ್ಲಿ ಬಹುಪಾಲು ಮಂದಿಯ ಕೈಯಲ್ಲಿ ಕ್ಯಾಮೆರಾ ಇದೆ. ಅಂದಿನ ಸ್ಟುಡಿಯೊಗಳಿಗೂ ಇಲ್ಲದ ಸೌಕರ್ಯ ಕಿಸೆಯೊಳಗಿನ ಫೋನಿನಲ್ಲಿದೆ. ಜಲಪಾತದ ತುದಿಯಲ್ಲಿ, ರೈಲು ಹಳಿಯ ಮೇಲೆ, ಬೈಕಿನ ಮೇಲೆ ನಿಂತು ಚಿತ್ರ ತೆಗೆಯುವ ಹುಡುಗ ಹುಡುಗಿಯರೂ ತಮ್ಮದೇ ಒಂದು ಸಾಹಸದೃಶ್ಯದ ನಟರು, ನಿರ್ದೇಶಕರು. ಅಲ್ಲಿ ಸುರಕ್ಷತೆ ನೋಡಿಕೊಳ್ಳಲು ಬೇರೆ ಯಾರೂ ಇರುವುದಿಲ್ಲ. ಕಂಪ್ಯೂಟರ್ ಇಂದು ಇಲ್ಲದ ಮನುಷ್ಯನ ಮುಖ, ಇಲ್ಲದ ಧ್ವನಿಯನ್ನೂ ತಯಾರಿಸಿ ಕೊಡುತ್ತದೆ. ಹೀಗಾಗಿ ಕಂಡದ್ದನ್ನು ಕಂಡ ಹಾಗೆ ನಂಬುವ ಕಾಲವೂ ಇದಲ್ಲ.

ಆದ್ದರಿಂದ ಒಂದು ಚಿಕ್ಕ ಪ್ರಯೋಗ ಮಾಡಿ. ನಿಮ್ಮ ಗೆಳೆಯನ ಮುಖವನ್ನು ಯಾವ ಭಾವವೂ ಇಲ್ಲದಂತೆ ಐದು ಸೆಕೆಂಡು ಚಿತ್ರಿಸಿ. ಅದಕ್ಕೆ ಒಂದು ಸಲ ಊಟದ ತಟ್ಟೆ, ಇನ್ನೊಂದು ಸಲ ಪರೀಕ್ಷೆಯ ಫಲಿತಾಂಶದ ಫಲಕ ಅಂಟಿಸಿ ತರಗತಿಯಲ್ಲಿ ತೋರಿಸಿ. ಅವನಿಗೆ ಏನನ್ನಿಸುತ್ತಿದೆ ಎಂದು ಕೇಳಿ. ಬರುವ ಉತ್ತರಗಳನ್ನು ಬರೆದಿಡಿ. ಚಿತ್ರ ಹೇಳುವುದೆಷ್ಟು, ನಾವು ತುಂಬಿಕೊಳ್ಳುವುದೆಷ್ಟು ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅನಂತರ ಸುದ್ದಿಯನ್ನೋ, ಯಾರೋ ಕಳಿಸಿದ ವಿಡಿಯೊವನ್ನೋ ನೋಡುವಾಗ ಇದನ್ನು ಯಾರು, ಎಲ್ಲಿ, ಯಾವಾಗ ತೆಗೆದರು, ಇದರ ಹಿಂದೆ ಮುಂದೆ ಏನನ್ನು ಕತ್ತರಿಸಿದರು ಎಂಬ ಪ್ರಶ್ನೆಗಳು ತಾವಾಗಿಯೇ ಬರುತ್ತವೆ.

ಮುಂದೆ ನಿಮ್ಮಲ್ಲಿ ಕೆಲವರು ಚಿತ್ರ ತೆಗೆಯುವ ವೃತ್ತಿಗೇ ಬರಬಹುದು. ಬನ್ನಿ, ಬರಬೇಕು. 'ಎ', 'ಲೂಸಿಯಾ'ದಂತೆ ಪ್ರೇಕ್ಷಕರ ತಲೆ ತಿರುಗಿಸುವ ಕಥೆಗಳನ್ನು ಹೇಳಿ. ಆದರೆ ಕಾಲೇಜಿನ ಕಿರುಚಿತ್ರವಾಗಲಿ, ಕೋಟಿ ರೂಪಾಯಿಯ ಚಿತ್ರವಾಗಲಿ, ತಂಡದಲ್ಲಿ ಒಬ್ಬರನ್ನು ಒಂದೇ ಒಂದು ಕೆಲಸಕ್ಕೆ ನೇಮಿಸಿ. ಅವರು ದೃಶ್ಯ ಚೆನ್ನಾಗಿ ಬಂತೇ ಎಂದು ನೋಡಬಾರದು, ಮಾನಿಟರಿನ ಕಡೆಗೂ ತಿರುಗಬಾರದು. ಎದುರಿಗಿರುವ ಮನುಷ್ಯರನ್ನು ಬರಿಗಣ್ಣಿನಿಂದ ನೋಡುತ್ತಿರಬೇಕು. ನಿರ್ದೇಶಕರ ಅಪ್ಪಣೆಗೂ ಕಾಯದೆ "ಸಾಕು, ನಿಲ್ಲಿಸಿ" ಎನ್ನುವ ಅಧಿಕಾರ ಅವರಿಗೆ ಇರಬೇಕು.